ಯಾವ ಕಡೆಯ ಕಿಟಕಿ

ನಮ್ಮ ಅಡುಗೆಮನೆಯಲ್ಲಿ ಸ್ಟೋವಿನ ಪಕ್ಕ ಒಂದು ಡ್ರಾಯರ್ ಇದೆ. ಅದರಲ್ಲಿ ಏನೇನಿದೆ ಎಂದು ಮನೆಯಲ್ಲಿ ಯಾರೂ ಪೂರ್ತಿ ಹೇಳಲಾರರು. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದೇ ಇರುತ್ತದೆ. ರಬ್ಬರ್ ಬ್ಯಾಂಡು, ಮುಗಿದ ಬ್ಯಾಟರಿ, ಹೋಟೆಲಿನಿಂದ ತಂದ ಕೆಚಪ್ ಪೊಟ್ಟಣ, ಯಾವ ಬೀಗದ್ದೋ ಕೀಲಿಕೈ. ನಾನು ಕತ್ತರಿಗೆಂದು ಕೈ ಹಾಕಿದಾಗಲೆಲ್ಲ ಕತ್ತರಿಗಿಂತ ಮೊದಲು ಒಂದು ಪ್ಲಗ್ಗು ಸಿಗುತ್ತದೆ. ಬಿಳಿಯದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮೂರು ಗುಂಡು ಕಾಲುಗಳು. ಮಧ್ಯದ ಕಾಲು ಮಾತ್ರ ಸಾಲು ತಪ್ಪಿ ಒಂದಿಷ್ಟು ಪಕ್ಕಕ್ಕೆ ಸರಿದು ನಿಂತಿದೆ. ಬೆನ್ನಲ್ಲಿ ಇಲ್ಲಿಯ ವಯರು ಸಿಕ್ಕಿಸಲು ತೂತುಗಳಿವೆ. ಇದು ಸ್ವಿಟ್ಜರ್ಲೆಂಡಿನ ಗೋಡೆಗಳಿಗೆಂದೇ ಮಾಡಿದ ಪ್ಲಗ್ಗು. ಪಕ್ಕದ ಜರ್ಮನಿಯಲ್ಲೇ ಹೊಂದುವುದಿಲ್ಲವಂತೆ. ಇನ್ನು ಅಮೆರಿಕದ ನಮ್ಮ ಹ್ಯಾರಿಸನ್‌ನಲ್ಲಿ ಇದರ ಕೆಲಸ ಏನೂ ಇಲ್ಲ.

"ಇದನ್ನ ಯಾಕೆ ಇಟ್ಕೊಂಡಿದ್ದೀರಿ? ಎಸೀರಿ ಅತ್ಲಾಗೆ," ಎನ್ನುತ್ತಾಳೆ ನನ್ನ ಹೆಂಡತಿ ಸುಮಾ. ಹಾಗೆಂದವಳು ತಾನೂ ಎಸೆಯುವುದಿಲ್ಲ. ಡ್ರಾಯರ್ ಸ್ವಚ್ಛ ಮಾಡುವಾಗ ಅದನ್ನು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಾಳೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸ್ವಿಟ್ಜರ್ಲೆಂಡಿಗೆ ಹೋದವನಲ್ಲ. ಆದರೂ ನ್ಯೂಜೆರ್ಸಿಯ ಈ ಭಾಗದ ಕನ್ನಡದವರಲ್ಲಿ ಯಾರು ಅಲ್ಲಿಗೆ ಹೊರಟರೂ ಟಿಕೆಟ್ಟಿಗಿಂತ ಮೊದಲು ನನಗೆ ಫೋನ್ ಬರುತ್ತಿತ್ತು. ಇದು ಹೇಗಾಯಿತೆಂದರೆ, ನಾನು ದಿನವೂ ಹ್ಯಾರಿಸನ್ ಸ್ಟೇಷನ್ನಿನಿಂದ ಮ್ಯಾನ್‌ಹಟನ್ನಿಗೆ ಕೆಲಸಕ್ಕೆ ಹೋಗುವವನು. ಕಿಟಕಿಯಾಚೆ ಜೌಗು ನೆಲ, ತುಕ್ಕು ಹಿಡಿದ ಸೇತುವೆ, ಕಂಟೇನರ್ ರಾಶಿ. ಅದನ್ನು ನೋಡಲಾರದೆ ಫೋನಿನಲ್ಲಿ ರೈಲಿನ ವಿಡಿಯೋ ನೋಡುವ ಚಟ ಹತ್ತಿತು. ಸ್ವಿಟ್ಜರ್ಲೆಂಡಿನ ರೈಲುಗಳ ಮುಂದಿನ ಗಾಜಿಗೆ ಕ್ಯಾಮೆರಾ ಇಟ್ಟು ತೆಗೆದ, ಮಾತಿಲ್ಲದ, ಉದ್ದುದ್ದ ವಿಡಿಯೋಗಳು. ಮನೆಯಲ್ಲಿ ನಗುತ್ತಿದ್ದರು. ರೈಲಿನಲ್ಲಿ ಕೂತು ರೈಲು ನೋಡುವ ಮನುಷ್ಯ!

ನೋಡುತ್ತಾ ನೋಡುತ್ತಾ ಒಂದು ನಿರುಪಯೋಗಿ ಪಾಂಡಿತ್ಯ ಬಂತು. ಝೂರಿಕ್‌ನಿಂದ ಕೂರ್ ಊರಿಗೆ ಹೋಗುವಾಗ ಎಡಗಡೆ ಕೂರಬೇಕು. ಮೊದಲು ಒಂದು ಸರೋವರ, ಸ್ವಲ್ಪ ಹೊತ್ತಿಗೆ ಇನ್ನೊಂದು, ಎರಡೂ ಎಡಕ್ಕೇ. ವಾಪಸ್ ಬರುವಾಗ ಬಲಗಡೆ. ಬರ್ನ್ ನಗರ ಸೇರುವ ಮುನ್ನ ರೈಲು ಎತ್ತರದ ಸೇತುವೆಯೊಂದರ ಮೇಲೆ ನದಿ ದಾಟುತ್ತದೆ. ಆಗ ಎಡಕ್ಕೆ ತಿರುಗಬೇಕು, ಹಳೆಯ ಪೇಟೆಯ ಹೆಂಚುಗಳೆಲ್ಲ ಒಟ್ಟಿಗೆ ಕಾಣುತ್ತವೆ. ಇಂಥವು.

ಕಿಟಕಿಯ ಕಡೆ ಹೇಳುವ ಈ ರೋಗ ನನ್ನದಲ್ಲ, ಅಪ್ಪನದು. ಅವರು ಅರಸೀಕೆರೆಯಲ್ಲಿ ಸ್ಕೂಲ್ ಮೇಷ್ಟ್ರು. ರೈಲು ಹತ್ತಿದ ಕೂಡಲೇ, "ಕೆರೆ ಈ ಕಡೆ ಬರುತ್ತೆ, ಇಲ್ಲಿ ಕೂತ್ಕೊ" ಎಂದು ನನ್ನನ್ನು ಕಿಟಕಿಗೆ ತಳ್ಳಿ, ಕೆರೆ ಬಂದು ಹೋಗುವವರೆಗೆ ತಾವೇ ನನ್ನ ತಲೆಯ ಮೇಲಿಂದ ಬಗ್ಗಿ ನೋಡುತ್ತಿದ್ದರು. ಒಮ್ಮೆ ಅವರಿಗೆ ಹಲ್ಲು ಕೀಳಿಸಲು ಹಾಸನಕ್ಕೆ ಹೋಗಬೇಕಾಯಿತು. ನನ್ನನ್ನೂ ಕರೆದುಕೊಂಡರು. ಬಾಗಿಲ ಬಳಿ ಅಮ್ಮ ನಿಂತಿದ್ದಳು. "ಹೇಗೂ ಹೋಗ್ತಿದ್ದೀರಲ್ಲ, ಈ ಕಾಫಿಬೀಜ ಪುಡಿ ಮಾಡಿಸ್ಕೊಂಡು ಬನ್ನಿ." ಪಕ್ಕದ ಮನೆಯವರು, "ಹೇಗೂ ಹೋಗ್ತಿದ್ದೀರಲ್ಲ ಮೇಷ್ಟ್ರೆ, ಈ ಜಾತಕ ನಮ್ಮ ಷಡ್ಡಕರಿಗೆ ಕೊಟ್ಟುಬಿಡಿ." ಅತ್ತೆಯೊಬ್ಬರ ಹೊಲಿಗೆಗೆ ಕೊಟ್ಟ ರವಿಕೆ, ಯಾರಿಗೋ ಒಂದು ಸೋರೆಕಾಯಿ. ಅಪ್ಪ ಊದಿದ ಕೆನ್ನೆ ಹಿಡಿದುಕೊಂಡು ಹಾಸನವೆಲ್ಲ ಸುತ್ತಿ ಎಲ್ಲವನ್ನೂ ಮುಗಿಸಿದರು. ಕೊನೆಗೆ ಹಲ್ಲಿನ ಡಾಕ್ಟರ ಬಾಗಿಲಿಗೆ ಹೋದಾಗ ಬೀಗ ಹಾಕಿತ್ತು. ಹಲ್ಲು ನಮ್ಮ ಜೊತೆಯಲ್ಲೇ ಅರಸೀಕೆರೆಗೆ ವಾಪಸ್ ಬಂತು.

ಒಂದು ಪ್ರಯಾಣಕ್ಕೆ ಒಂದೇ ಕಾರಣ ಇದ್ದರೆ ನಮಗೆ ಏನೋ ದಂಡವಾದಂತೆ ಅನಿಸುತ್ತದೆ. ಹೇಗೂ ಹೋಗ್ತಿದ್ದೀವಲ್ಲ. ಈ ಮಾತನ್ನು ನಾವು ಸಮುದ್ರ ದಾಟಿಸಿ ಇಲ್ಲಿಗೂ ತಂದಿದ್ದೇವೆ.

ನಮ್ಮವರು ಸ್ವಿಟ್ಜರ್ಲೆಂಡ್ ನೋಡುವ ಕ್ರಮವೂ ಹೀಗೆಯೇ ಹುಟ್ಟಿದ್ದು. ಉಳಿದ ಲೋಕ ಊರಿಂದೂರಿಗೆ ಪೆಟ್ಟಿಗೆ ಎಳೆದುಕೊಂಡು ಹೋಗುತ್ತದೆ. ನಾವು ಒಂದೇ ಊರಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯುತ್ತೇವೆ. ಅದಕ್ಕೆ 'ಬೇಸ್' ಎಂದು ಹೆಸರು. ಹ್ಯಾರಿಸನ್‌ನಿಂದ ಹೊತ್ತುಕೊಂಡು ಹೋದ, ಎರಡೂ ಕಡೆಯ ಕರೆಂಟಿಗೆ ನಡೆಯುವ ಪುಟ್ಟ ರೈಸ್ ಕುಕ್ಕರಿನಲ್ಲಿ ಬೆಳಿಗ್ಗೆ ಅನ್ನ ಮಾಡಿ, ಪುಳಿಯೋಗರೆ ಗೊಜ್ಜು ಕಲಸಿ, ಡಬ್ಬಿ ಕಟ್ಟಿಕೊಂಡು ರೈಲು ಹತ್ತುತ್ತೇವೆ. ಹಿಮದ ಬೆಟ್ಟ ನೋಡಿಕೊಂಡು ರಾತ್ರಿ ಊಟಕ್ಕೆ ಸಾರಿನ ಬಳಿಗೆ ಮರಳುತ್ತೇವೆ. ಆದ್ದರಿಂದ ನನ್ನಿಂದ ಬೇಕಾಗುತ್ತಿದ್ದುದು ಇಷ್ಟೇ: ಬೆಳಿಗ್ಗೆ ಹೊರಟು ರಾತ್ರಿ ಮರಳಬಹುದಾದ ದಾರಿಗಳು, ಮತ್ತು ಕಿಟಕಿ ಯಾವ ಕಡೆ.

ಗುರುರಾಜನಿಗೂ ಅದನ್ನೇ ಮಾಡಿಕೊಟ್ಟೆ.

ಗುರು ಧಾರವಾಡದವನು. ಸ್ಟೇಷನ್ನಿಗೆ ಅಂಟಿಕೊಂಡ ಹೊಸ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಪಕ್ಕದ ಕಟ್ಟಡದಲ್ಲಿ ಇದ್ದ. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವನು. ನಾವು ಒಂದೇ ಪ್ಲಾಟ್‌ಫಾರ್ಮಿನಲ್ಲಿ ಒಂದೇ ಕಂಬದ ಬಳಿ ನಿಂತು ಪರಿಚಯವಾದವರು. ಹೆಂಡತಿ ವೀಣಾ ಪಕ್ಕದ ಊರಾದ ನೂವರ್ಕ್‌ನಲ್ಲಿ ಕೆಲಸದಲ್ಲಿದ್ದಳು. ಮಗಳು ಅನಘಾ ಇಲ್ಲೇ ಹುಟ್ಟಿದವಳು, ಮೂರನೆಯ ಗ್ರೇಡು. ಬೆಟ್ಟ ನೋಡುವ ಆಸೆ ಅವರಿಬ್ಬರದು. ಗುರುವಿನದಲ್ಲ.

"ಗುಡ್ಡ ನೋಡ್ಲಿಕ್ಕೆ ಅಷ್ಟ ದೂರ ಯಾಕ ಹೋಗ್ಬೇಕ್ರಿ ಸರ? ನಿಂತ ಗುಡ್ಡ ಎಲ್ಲಿಗೂ ಹೋಗೂದಿಲ್ಲ."

"ನೀನು ಹೋಗಬೇಕಲ್ಲಯ್ಯ, ಅದಕ್ಕೇ."

"ಹೌದ್ ನೋಡ್ರಿ. ಆಕಿ ಕೇಳೂದಿಲ್ಲ."

ಒಂದು ದಿನ ಪ್ಲಾಟ್‌ಫಾರ್ಮಿನಲ್ಲಿ ನನ್ನ ಪ್ಲಾನು ನೋಡುತ್ತಾ ಕೇಳಿದ: "ಸರ, ಬರ್ನ್‌ಗೆ ಒಂದ ದಿನ ಹೋಗಿ ಬರಬಹುದೇನ್ರಿ? ಹೆಂಗೂ ಹೊಂಟೇವಲ್ಲ, ಅಲ್ಲೇ ಸ್ಟ್ಯಾಂಪಿಂಗ್ ಮುಗಿಸ್ಬಿಡ್ತೀನಿ. ಇದಕ್ಕಂತ ಮತ್ತ ಇಂಡಿಯಾಕ್ಕ ಹೋಗೂದು ತಪ್ಪತದ."

ಸ್ಟ್ಯಾಂಪಿಂಗ್ ಎಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಇಲ್ಲಿ ಕೆಲಸ ಮಾಡಿಕೊಂಡು ಇರಲು ಕೊಡುವ ಅನುಮತಿ ಬೇರೆ, ಒಮ್ಮೆ ಹೊರಗೆ ಹೋದವನು ಮತ್ತೆ ಒಳಗೆ ಬರಲು ಪಾಸ್‌ಪೋರ್ಟಿನಲ್ಲಿ ಇರಬೇಕಾದ ವೀಸಾ ಬೇರೆ. ಗುರುವಿಗೆ ಮೊದಲನೆಯದು ಇತ್ತು. ಎರಡನೆಯದರ ಅವಧಿ ಮುಗಿದಿತ್ತು. ಅದನ್ನು ದೇಶದ ಹೊರಗೇ ಹಾಕಿಸಿಕೊಳ್ಳಬೇಕು. ಆಗ ಬೇರೆ ದೇಶಗಳಲ್ಲೂ ಹಾಕಿಸಿಕೊಳ್ಳಬಹುದಿತ್ತು, ಎಷ್ಟೋ ಜನ ಹಾಗೆ ಮಾಡಿಕೊಂಡು ಬಂದಿದ್ದರು. ವೀಣಾ ಹಿಂದಿನ ವರ್ಷ ತವರಿಗೆ ಹೋದಾಗಲೇ ಮುಗಿಸಿಕೊಂಡಿದ್ದಳು. ಉಳಿದದ್ದು ಗುರುವಿನದೊಂದೇ. ಹೀಗೆ, ಜಲಪಾತಕ್ಕೊಂದು ದಿನ, ಸರೋವರಕ್ಕೊಂದು ದಿನ ಇದ್ದ ಪ್ಲಾನಿನಲ್ಲಿ ಬರ್ನ್‌ನ ಅಮೆರಿಕನ್ ವೀಸಾ ಕಚೇರಿಗೂ ಒಂದು ದಿನ ಬಂದು ಕೂತಿತು. "ಎಡಗಡೆ ಕೂತ್ಕೊಳ್ಳಿ, ಸೇತುವೆ ಬರುತ್ತೆ," ಎಂದೆ ನಾನು.

ಆ ದಿನ ಅವರು ಮೂವರೂ ಒಟ್ಟಿಗೇ ಹೋದರು. ಪುಳಿಯೋಗರೆ ಡಬ್ಬಿಯೂ ಇತ್ತು. ಕಚೇರಿಯಲ್ಲಿ ಗುರುವಿನೊಡನೆ ಚೆನ್ನಾಗಿಯೇ ಮಾತನಾಡಿದರಂತೆ, ಕೆಲಸ ಏನೆಂದು ಕೇಳಿದರಂತೆ. ಪಾಸ್‌ಪೋರ್ಟು ಕೈಗೆ ಕೊಟ್ಟು, ಜೊತೆಗೊಂದು ಕಾಗದ ಕೊಟ್ಟರು. ಇನ್ನೂ ಪರಿಶೀಲನೆ ಬೇಕು, ಮುಗಿದಾಗ ತಿಳಿಸುತ್ತೇವೆ. ಯಾವಾಗ ಎಂದು ಅದರಲ್ಲಿರಲಿಲ್ಲ. ಗುರು ನನಗೆ ಫೋನ್ ಮಾಡಿದಾಗ ಅವರು ನದಿಯ ದಂಡೆಯಲ್ಲಿ ಕೂತು ಉಣ್ಣುತ್ತಿದ್ದರು.

"ಎಡಕ್ಕ ಕೂತಿದ್ವಿ ಸರ. ಸೇತುವೆ ಭಾಳ ಚಂದ ಇತ್ತು. ಒಂದ ಕಾಗದ ಕೊಟ್ಟಾರ."

ಕಾಗದದ ಮಾತು ಅವನು ಕೊನೆಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ರಜೆ ಮುಗಿಯಿತು. ಕಾಗದ ಬದಲಾಗಲಿಲ್ಲ. ವೀಣಾಳಿಗೆ ಕೆಲಸ, ಅನಘಾಳಿಗೆ ಸ್ಕೂಲು. ಅವರಿಬ್ಬರೂ ನೂವರ್ಕ್‌ಗೆ ಬಂದಿಳಿದರು. ಗುರು ಉಳಿದ. ಪರಿಶೀಲನೆ ಒಂದೆರಡು ವಾರಕ್ಕೂ ಮುಗಿಯಬಹುದು, ತಿಂಗಳುಗಟ್ಟಲೆಯೂ ಹಿಡಿಯಬಹುದು ಎಂದು ಎಲ್ಲರೂ ಹೇಳಿದರು. ಯುರೋಪಿನಲ್ಲಿ ಇರಲು ಅವನಿಗೆ ಸಿಕ್ಕಿದ್ದ ದಿನಗಳು ಮುಗಿಯುವುದರೊಳಗೆ ವೀಸಾ ಬಂದರೆ ಹ್ಯಾರಿಸನ್, ಅವನ ಕೆಲಸ, ಅವನ ಮನೆ. ಬಾರದಿದ್ದರೆ ಬೆಂಗಳೂರಿನ ವಿಮಾನ. ಅಲ್ಲಿಂದ ಮತ್ತೆ ಯಾವಾಗ, ಯಾರಿಗೂ ಗೊತ್ತಿಲ್ಲ. ಅವನ ಕಂಪನಿ ಅಷ್ಟು ಕಾಯುವುದಿಲ್ಲ ಎನ್ನುವುದು ಮಾತ್ರ ಗೊತ್ತಿತ್ತು.

ಬಾಡಿಗೆ ಮನೆ ಬಿಟ್ಟು ಅವನು ಝೂರಿಕ್‌ನ ಹೊರವಲಯದಲ್ಲಿ ಒಂದು ಸಣ್ಣ ರೂಮಿಗೆ ಹೋದ. ರೈಸ್ ಕುಕ್ಕರು ಅವನ ಬಳಿಯೇ ಉಳಿಯಿತು. ಅವಸರದಲ್ಲಿ ಪ್ಲಗ್ಗು ಮಾತ್ರ ವೀಣಾಳ ಪೆಟ್ಟಿಗೆ ಸೇರಿ ನ್ಯೂಜೆರ್ಸಿಗೆ ಬಂದುಬಿಟ್ಟಿತ್ತು.

"ಕುಕ್ಕರ್ ಇಲ್ಲೆ ಅದ, ಪ್ಲಗ್ ಅಲ್ಲೆ ಅದ. ಅನ್ನ ಎಲ್ಲೂ ಇಲ್ಲ," ಎಂದು ನಕ್ಕ.

"ಇನ್ನೊಂದು ತಗೊಳ್ಳೋ, ಸ್ಟೇಷನ್ನಲ್ಲೇ ಸಿಗುತ್ತೆ."

"ಬ್ಯಾಡ್ರಿ. ಹೊಸಾದು ತಗೊಂಡ್ರ ಇಲ್ಲೇ ಇರ್ತೀನಿ ಅಂತ ಒಪ್ಪಿಕೊಂಡಂಗ ಆಗ್ತದ."

ಅಷ್ಟು ದಿನವೂ ಅವನು ಬ್ರೆಡ್ಡು ಮೊಸರು ತಿಂದ. ಇದನ್ನು ಹುಚ್ಚು ಎನ್ನುವವರು ಎನ್ನಲಿ. ನಾನು ಅನ್ನಲಾರೆ.

ಅವನ ಬಳಿ ಎಲ್ಲ ರೈಲಿಗೂ ನಡೆಯುವ ಪಾಸಿತ್ತು. ಮುಗಿದಾಗ ಮತ್ತೊಂದು ಕೊಂಡ. ಆದರೆ ಪಾಸು ಕೊಂಡರೆ ಅವನ ಲೆಕ್ಕದಲ್ಲಿ ಅಲ್ಲೇ ಉಳಿದಂತೆ ಆಗುತ್ತಿರಲಿಲ್ಲ, ಯಾಕೆಂದರೆ ಪಾಸು ಪ್ರವಾಸಿಯದು. "ರೂಮಿನಾಗ ಕೂತ್ರ ತಲಿ ಕೆಡತದ ಸರ. ಇವತ್ತ ಎಲ್ಲಿಗೆ ಹೋಗ್ಲಿ?" ನಾನು ಹ್ಯಾರಿಸನ್ ಪ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಕಾಫಿ ಹಿಡಿದು ನಿಂತಾಗ ಅವನಿಗೆ ಮಧ್ಯಾಹ್ನ, ಯಾವುದೋ ರೈಲಿನಲ್ಲಿರುತ್ತಿದ್ದ. ನಾನು ಆಫೀಸಿನಲ್ಲಿ ಊಟಕ್ಕೆ ಎದ್ದಾಗ ಅವನಿಗೆ ಸಂಜೆ, ನಾಳೆಯ ದಾರಿ ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಗೊತ್ತಿದ್ದುದು ಅದೊಂದೇ.

ಮೊದಮೊದಲು ಅವನು ವಾಟ್ಸಾಪ್ ಗುಂಪಿಗೆ ಫೋಟೋ ಹಾಕುತ್ತಿದ್ದ. ಬಿಳಿ ಬೆಟ್ಟ, ನೀಲಿ ನೀರು, ಕೊರಳಿಗೆ ಗಂಟೆ ಕಟ್ಟಿದ ಹಸು. ಒಂದು ಭಾನುವಾರ ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬರು ಹಿಂದಿನಿಂದ, "ಏನ್ ಮೂರ್ತಿಯವ್ರೆ, ನಿಮ್ಮ ಶಿಷ್ಯ ಮಜವಾಗಿದಾನಲ್ಲ! ಸ್ಟಕ್ ಆದ್ರೆ ಅಂಥ ಕಡೆ ಸ್ಟಕ್ ಆಗ್ಬೇಕು ನೋಡಿ," ಎಂದರು.

"ನಮಗೂ ಹಾಗೊಂದು ಕಾಗದ ಕೊಡ್ಸಿ," ಎಂದರು ಇನ್ನೊಬ್ಬರು. ಸಾಲಿಗೆ ಸಾಲೇ ನಕ್ಕಿತು.

"ಆದ್ರೂ ಅಲ್ಲಿ ಹೋಗಿ ಸ್ಟ್ಯಾಂಪಿಂಗ್ ಮಾಡಿಸ್ಕೋ ಅಂತ ಅವನಿಗೆ ಯಾರು ಹೇಳಿದ್ರು?" ಇದು ಒಬ್ಬ ಆಂಟಿ. ಅವರ ಮಗನೇ ಎರಡು ವರ್ಷದ ಹಿಂದೆ ಹಾಗೆ ಮಾಡಿಕೊಂಡು ಬಂದು, ಇದೇ ಸಾಲಿನಲ್ಲಿ ಎಲ್ಲರಿಗೂ ಉಪಾಯ ಹೇಳಿಕೊಟ್ಟಿದ್ದ.

ನನ್ನ ಮುಂದೆ ವೀಣಾ ತಟ್ಟೆ ಹಿಡಿದು ನಿಂತಿದ್ದಳು. ಅವಳು ಹಿಂದೆ ತಿರುಗಲಿಲ್ಲ. ಮೊಸರನ್ನ ಬಡಿಸಲು ಬಂದಾಗ ಬೇಡವೆಂದು ಕೈ ಅಡ್ಡ ಹಿಡಿದಳು. ಅವರ ಮಾತನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ ನಾನು ಹೇಳಲಾರೆ.

ಆ ವಾರವೇ ಗುರುವಿನ ಮ್ಯಾನೇಜರು ಅವನಿಗೆ ಫೋನ್ ಮಾಡಿದ್ದ. ಯಾರದೋ ಫೋನಿನಲ್ಲಿ ಫೋಟೋ ನೋಡಿದ್ದನಂತೆ. "ಲುಕ್ಸ್ ಬ್ಯೂಟಿಫುಲ್ ದೇರ್," ಎಂದನಂತೆ. ಅಷ್ಟೇ. ಅದಾದ ಮೇಲೆ ಗುರು ಫೋಟೋ ಹಾಕಲಿಲ್ಲ. ತೆಗೆಯಲೂ ಇಲ್ಲ.

ಈಗ ನಾನು ಆಗಾಗ ಮನಸ್ಸಿನಲ್ಲಿ ತಿರುಗಿಸಿ ನೋಡುವ ಸಂಗತಿಗೆ ಬಂದೆ. ದಕ್ಷಿಣಕ್ಕೆ ಹೋಗುವ ಹಳೆಯ ಬೆಟ್ಟದ ರೈಲುದಾರಿಯೊಂದಿದೆ. ಅಲ್ಲಿ ರೈಲು ಬೆಟ್ಟದ ಹೊಟ್ಟೆಯೊಳಗೆ ಸುತ್ತು ಹಾಕುತ್ತಾ ಮೇಲೇರುತ್ತದೆ. ಹೀಗಾಗಿ ಒಂದೇ ಚರ್ಚು ಮೂರು ಸಲ ಕಾಣುತ್ತದೆ. ಮೊದಲು ತಲೆಯ ಮೇಲೆ, ಆಮೇಲೆ ಸರಿಸಮಕ್ಕೆ, ಕೊನೆಗೆ ಪಾದದ ಕೆಳಗೆ. ನನಗೆ ಎಲ್ಲಕ್ಕಿಂತ ಪ್ರೀತಿಯ ದಾರಿ ಅದು. ಎಲ್ಲರಿಗೂ ಅದನ್ನು ಕೊನೆಯ ದಿನಕ್ಕೆ ಇಡುತ್ತಿದ್ದೆ, ಊಟದ ಕೊನೆಯ ಸಿಹಿಯ ಹಾಗೆ. ಗುರುವನ್ನು ಒಂದು ದಿನ ಅಲ್ಲಿಗೆ ಕಳಿಸಿದೆ. ಹೇಗಿತ್ತು ಎಂದು ಕೇಳಿದೆ.

"ಚರ್ಚ್ ಕಂಡ್ತ್ರಿ. ಮೂರ್ ಸಲ ಅಂದಿದ್ರಲ್ಲ, ಎರಡ ಸಲ ಕಂಡ್ತು. ಒಂದ ಸಲ ಫೋನ್ ನೋಡಾಕತ್ತಿದ್ದೆ."

ಆ ಕಾಗದದ ಮೇಲೊಂದು ಸಂಖ್ಯೆ ಇತ್ತು. ಫೋನಿನಲ್ಲಿ ಅದನ್ನು ಹಾಕಿದರೆ ಪರಿಶೀಲನೆ ಎಲ್ಲಿಗೆ ಬಂತೆಂದು ಕಾಣುತ್ತಿತ್ತು. ಎಲ್ಲಿಗೂ ಬಂದಿರುತ್ತಿರಲಿಲ್ಲ. ಆದರೂ ಅವನು ಸರೋವರ ಬಂದಾಗ, ಜಲಪಾತ ಬಂದಾಗ, ಯಾವಾಗಲೂ ಅದನ್ನೇ ನೋಡುತ್ತಿದ್ದ.

ಚರ್ಚಿನ ಮಾತು ಬಿಟ್ಟು ಹೇಳಿದ: "ಸರ, ಒಂದ ಮಾತು. ಆ ದಾರಿಯೊಳಗ ಸುರಂಗ ಬರ್ತಾವಲ್ಲ, ಅಲ್ಲೆ ಫೋನ್ ಹತ್ತೂದಿಲ್ಲ. ಅಷ್ಟೊತ್ತು ಭಾಳ ಆರಾಮ ಇರ್ತದ್ರಿ. ಸುರಂಗ ಜಾಸ್ತಿ ಇರೋ ದಾರಿ ಯಾವುದಾದ್ರೂ ಅದ ಏನು?"

ಅಲ್ಲಿನ ಸುರಂಗಗಳಲ್ಲೂ ಫೋನ್ ಸಿಗುತ್ತದೆ ಎಂದು ನಾನು ಓದಿದ್ದೆ. ಅವನ ಅಮೆರಿಕದ ಸಿಮ್ಮಿಗೆ ಸಿಗುತ್ತಿರಲಿಲ್ಲವೋ, ಕತ್ತಲಲ್ಲಿ ಅವನೇ ಫೋನನ್ನು ಜೇಬಿಗೆ ಹಾಕುತ್ತಿದ್ದನೋ, ನಾನು ಕೇಳಲಿಲ್ಲ. ಅದೇ ಬೆಟ್ಟದ ತಳದಲ್ಲಿ ಈಚೆಗೆ ಕೊರೆದ ಬಹಳ ಉದ್ದದ ಸುರಂಗವೊಂದಿದೆ. ಜನ ಅದನ್ನು ಬಯ್ಯುತ್ತಾರೆ, ವೇಗ ಸಿಕ್ಕಿತು, ನೋಟ ಹೋಯಿತು ಎಂದು. ನಾನೂ ಎಲ್ಲರಿಗೂ ಆ ರೈಲು ಹತ್ತಬೇಡಿ ಎಂದೇ ಹೇಳುತ್ತಿದ್ದೆ. ಗುರುವಿಗೆ ಅದರ ಸಮಯ ಹುಡುಕಿ ಕಳಿಸಿದೆ.

ಅಂದಿನಿಂದ ನನ್ನ ಪಾಂಡಿತ್ಯವೆಲ್ಲ ತಲೆಕೆಳಗಾಯಿತು. ಆಫೀಸಿನ ಊಟದ ಹೊತ್ತಿನಲ್ಲಿ ನಾನು ಹಳೆಯ ವಿಡಿಯೋಗಳನ್ನೇ ಮತ್ತೆ ಹಾಕಿ, ಸರೋವರಗಳನ್ನು ಓಡಿಸಿ, ಪರದೆ ಕಪ್ಪಾಗುವ ಜಾಗಗಳನ್ನು ಹುಡುಕುತ್ತಿದ್ದೆ. ಎಲ್ಲಿ ಕತ್ತಲು ಉದ್ದ, ಎಲ್ಲಿ ಗಿಡ್ಡ. ಒಂದು ಶನಿವಾರ ಸುಮಾ ಹಿಂದೆ ನಿಂತು ನೋಡಿದಳು.

"ಏನ್ರೀ ಇದು, ಏನೂ ಕಾಣ್ತಿಲ್ಲ?"

"ಸುರಂಗ."

"ಅದನ್ನೂ ಪ್ಲಾನ್ ಮಾಡ್ತಿದ್ದೀರಾ?"

ಗುರುವಿಗೆ ಎಂದೆ. ಅವಳು ನನ್ನ ಪಕ್ಕದ ಕುರ್ಚಿ ಎಳೆದು ಕೂತಳು. ಇಬ್ಬರೂ ಆ ಕಪ್ಪು ಪರದೆಯನ್ನು ಸುರಂಗ ಮುಗಿಯುವವರೆಗೆ ನೋಡಿದೆವು.

ವೀಸಾ ಬರಲಿಲ್ಲ. ತಪ್ಪು ಯಾರದೆಂದು ಹುಡುಕಿ ನನಗೆ ಸಾಕಾಗಿದೆ. ಸಿಕ್ಕಿದ್ದರೆ ಬಯ್ಯಬಹುದಿತ್ತು, ಆ ಸುಖವೂ ಇಲ್ಲ. ಅವನು ಬೆಂಗಳೂರಿಗೆ ಹೋದ ಮೇಲೆ ಕಂಪನಿಯವರು ಮರ್ಯಾದೆಯ ಮಾತುಗಳಲ್ಲೇ ಅವನನ್ನು ಕೆಲಸದಿಂದ ಬಿಡಿಸಿದರು. ವೀಣಾ ಸ್ಕೂಲಿನ ವರ್ಷ ಮುಗಿಯುವವರೆಗೆ ಒಬ್ಬಳೇ ಎಳೆದಳು. ಆಮೇಲೆ ಅವಳೂ ಹೊರಟಳು. ಮನೆ ಖಾಲಿ ಮಾಡುವ ದಿನ ಸುಮಾ ಮತ್ತು ನಾನು ಸಹಾಯಕ್ಕೆ ಹೋಗಿದ್ದೆವು. ಸೋಫಾ ಯಾರೋ ವುಡ್‌ಬ್ರಿಡ್ಜ್‌ನವರು ಒಯ್ದರು. ಕೊನೆಗೆ ಕಿಟಕಿಯ ಕಟ್ಟೆಯ ಮೇಲೆ ಈ ಪ್ಲಗ್ಗು ಉಳಿದಿತ್ತು. ಅನಘಾ ಅದನ್ನು ತಂದು ನನ್ನ ಕೈಯಲ್ಲಿಟ್ಟಳು.

"ಮೂರ್ತಿ ಅಂಕಲ್, ಯು ಕ್ಯಾನ್ ಯೂಸ್ ಇಟ್ ವೆನ್ ಯು ಗೋ."

"ನೀವಿನ್ನೂ ಹೋಗಿಲ್ವಲ್ಲ, ಅದಕ್ಕೆ," ಎಂದಳು ವೀಣಾ. ನಗಲು ನೋಡಿದಳು.

ಈಗಲೂ ಕೆಲವರು ಫೋನ್ ಮಾಡುತ್ತಾರೆ. ಎಡಗಡೆ, ಬಲಗಡೆ ಹೇಳುತ್ತೇನೆ. ಯಾರಾದರೂ "ಅಂಕಲ್, ಹೇಗೂ ಹೋಗ್ತಿದ್ದೀವಲ್ಲ" ಎಂದು ಶುರು ಮಾಡಿದರೆ, ಮುಂದಿನ ಮಾತು ಏನಿದ್ದರೂ ಸರಿ, ಚಾಕೊಲೇಟ್ ತರುವ ವಿಷಯವೇ ಇದ್ದರೂ ಸರಿ, ಅವರನ್ನು ಅಲ್ಲೇ ತಡೆದು ರೈಲಿನ ಸಮಯ ಹೇಳತೊಡಗುತ್ತೇನೆ.

ಗುರು ಝೂರಿಕ್ ಬಿಟ್ಟ ದಿನ ನಾನು ಎಂದಿನ ಹಾಗೆ ಹ್ಯಾರಿಸನ್ ಪ್ಲಾಟ್‌ಫಾರ್ಮಿನಲ್ಲಿದ್ದೆ, ಅದೇ ಕಂಬದ ಬಳಿ. ಫೋನ್ ಬಂತು. ಹಿಂದೆ ದೊಡ್ಡ ಸ್ಟೇಷನ್ನಿನ ಸದ್ದು. ಪೆಟ್ಟಿಗೆ, ಕುಕ್ಕರು ಎಲ್ಲ ಕಟ್ಟಿಕೊಂಡು ನಿಂತಿದ್ದೇನೆ ಎಂದ. ಬೆಂಗಳೂರಿಗೆ ಅಣ್ಣ ಬರುತ್ತಾನೆ ಎಂದ. ವೀಣಾಳಿಗೆ ಬೆಳಿಗ್ಗೆಯಿಂದ ಫೋನ್ ಮಾಡಿಲ್ಲ, ವಿಮಾನ ಹತ್ತುವಾಗ ಮಾಡುತ್ತೇನೆ ಎಂದ.

"ಸರ," ಎಂದ. "ಏರ್‌ಪೋರ್ಟ್ ಟ್ರೇನಿನ್ಯಾಗ ಯಾವ ಕಡೆ ಕೂಡ್ಲಿ?"

ಆ ದಾರಿ ನನಗೆ ಗೊತ್ತು. ಹತ್ತು ನಿಮಿಷದ್ದು. ಹೊರಟ ಸ್ವಲ್ಪ ಹೊತ್ತಿಗೇ ಸುರಂಗ, ನಡುವೆ ಒಂದಿಷ್ಟು ಗೋಡೆ, ತಂತಿ, ಆಫೀಸಿನ ಕಟ್ಟಡಗಳು, ಮತ್ತೆ ಸುರಂಗ. ಏರ್‌ಪೋರ್ಟಿನ ಸ್ಟೇಷನ್ನೇ ನೆಲದೊಳಗೆ ಇದೆ. ಬೆಟ್ಟವಿಲ್ಲ, ನೀರಿಲ್ಲ. ಯಾವ ಕಡೆ ಕೂತರೂ ಒಂದೇ.

"ಬಲಗಡೆ ಕೂತ್ಕೊ," ಎಂದೆ.

ನನ್ನ ರೈಲು ಬಂತು. ಹತ್ತಿದೆ. ಅದು ಮ್ಯಾನ್‌ಹಟನ್ನಿಗೆ ಮುಂಚಿನ ನದಿಯಡಿಯ ಸುರಂಗಕ್ಕೆ ಇಳಿಯುವ ಮೊದಲು ಅವನ ಮೆಸೇಜು ಬಂತು.

"ಬಲಕ್ಕ ಕೂತಿದ್ದೆ ಸರ. ಭಾಳ ಚಂದ ಇತ್ತು."